ಸಾಲುಮರದ ಬೀದಿಯನ್ನು ಉಳಿಸಿದವರು ಯಾರು?

ಹಾಲಿವುಡ್ ಸಿನಿಮಾಗಳ ಬಗ್ಗೆ ಬರೆಯುವವರಲ್ಲಿ ಒಂದು ಮಾತು ರೂಢಿಯಾಗಿಬಿಟ್ಟಿದೆ. ಲಾಸ್ ಏಂಜಲೀಸ್ ಗುರುತು ಸಿಗದಷ್ಟು ಬೆಳೆದರೂ ಅದರ ಮಗ್ಗುಲಿನ ಸೌತ್ ಪ್ಯಾಸಡೀನಾ ಎಂಬ ಪುಟ್ಟ ಊರು ಇದ್ದ ಹಾಗೇ ಇದೆಯಂತೆ. ಅಲ್ಲಿನ ಸಾಲುಮರಗಳ ನೆರಳಿನಲ್ಲಿ, ಅಗಲ ಜಗಲಿಯ ಮರದ ಮನೆಗಳಲ್ಲಿ ಹಳೆಯ ಅಮೆರಿಕದ ಮುಗ್ಧತೆ ಇನ್ನೂ ಜೀವಂತವಾಗಿದೆಯಂತೆ. ಸಿನಿಮಾದವರು ಆ ಸೊಬಗಿಗೆ ಮನಸೋತು ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತಾರೆ, ಹೋಗಿ ಅದನ್ನು ಕಾಪಾಡಿದ್ದಾರೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಪ್ರವಾಸದ ಪುಟಗಳಲ್ಲಿ ಇದನ್ನು ಓದಿದಾಗ ಸುಮ್ಮನಿರಬಹುದು. ವಿಮರ್ಶೆ ಬರೆಯುವವರೂ ಇದನ್ನೇ ಹೇಳತೊಡಗಿದಾಗ ಸುಮ್ಮನಿರಲು ನನ್ನಿಂದಾಗದು. ಆ ಬೀದಿಗಳನ್ನು ಉಳಿಸಲು ಅರವತ್ತು ವರ್ಷ ಹೋರಾಡಿದವರಿಗೂ, ಅದೇ ಬೀದಿಗಳಿಂದ ಹೊರಗಿಡಲ್ಪಟ್ಟವರಿಗೂ ಈ ಮಾತು ಅನ್ಯಾಯ ಮಾಡುತ್ತದೆ.

ಸಿನಿಮಾದವರು ಅಲ್ಲಿಗೆ ಹೋಗುವ ಕಾರಣದಿಂದಲೇ ಶುರುಮಾಡೋಣ. ಹಾಲಿವುಡ್ಡಿನ ಕಾರ್ಮಿಕ ಸಂಘಗಳ ಒಪ್ಪಂದದಲ್ಲಿ ಒಂದು ಗಡಿ ಇದೆ. ಬೆವರ್ಲಿ ಮತ್ತು ಲಾ ಸಿಯೆನೆಗಾ ರಸ್ತೆಗಳು ಕೂಡುವ ಚೌಕವನ್ನು ನಡುಬಿಂದುವಾಗಿಟ್ಟುಕೊಂಡು 30 ಮೈಲಿ ತ್ರಿಜ್ಯದ ವೃತ್ತ ಎಳೆದಿದ್ದಾರೆ. ಅದರೊಳಗೆ ಚಿತ್ರೀಕರಣ ನಡೆದರೆ ತಂಡಕ್ಕೆ ವಸತಿ, ಪ್ರಯಾಣದ ಖರ್ಚು ಕೊಡಬೇಕಿಲ್ಲ. ವೃತ್ತ ದಾಟಿದರೆ ಲೆಕ್ಕ ಏರುತ್ತದೆ. 1888ರಲ್ಲೇ ಸ್ವತಂತ್ರ ನಗರಸಭೆಯಾದ, ಸುಮಾರು ಇಪ್ಪತ್ತೈದು ಸಾವಿರ ಜನರ ಸೌತ್ ಪ್ಯಾಸಡೀನಾ ಈ ವೃತ್ತದೊಳಗೆ ಹಾಯಾಗಿ ಕುಳಿತಿದೆ. ಇಲಿನಾಯ್ ರಾಜ್ಯದ ಊರು ಬೇಕೆ? ಪೂರ್ವ ಕರಾವಳಿಯ ಬಡಾವಣೆ ಬೇಕೆ? ಬೆಳಿಗ್ಗೆ ವ್ಯಾನ್ ಹೊರಟರೆ ರಾತ್ರಿ ಮನೆಗೆ ವಾಪಸ್. ಸೊಬಗಿಲ್ಲದಿದ್ದರೆ ಯಾರೂ ಹೋಗುತ್ತಿರಲಿಲ್ಲ ಎನ್ನುವುದು ನಿಜ. ಆದರೆ ಅಷ್ಟೇ ಸೊಬಗಿನ ಊರು ನೂರು ಮೈಲಿ ಆಚೆ ಇದ್ದಿದ್ದರೆ ಈ ಮಟ್ಟಿಗೆ ಹೋಗುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಈ ಊರಿಗೆ ಹೆಸರು ತಂದ ಸಿನಿಮಾ ಜಾನ್ ಕಾರ್ಪೆಂಟರ್ ಅವರ 1978ರ ‘ಹ್ಯಾಲೋವೀನ್’. ಕಥೆ ನಡೆಯುವುದು ಇಲಿನಾಯ್‌ನ ಹ್ಯಾಡನ್‌ಫೀಲ್ಡ್ ಎಂಬ ಕಲ್ಪಿತ ಊರಿನಲ್ಲಿ. ಚಿತ್ರಕಥೆಯಲ್ಲಿ ಜೊತೆಗೂಡಿದ ಡೆಬ್ರಾ ಹಿಲ್ ತಮ್ಮ ನ್ಯೂಜೆರ್ಸಿಯ ಹುಟ್ಟೂರಿನ ಹೆಸರನ್ನೇ ಅದಕ್ಕೆ ಕೊಟ್ಟರು. ಕಥೆಯ ಕಾಲ ಅಕ್ಟೋಬರ್ ಕೊನೆ, ಚಿತ್ರೀಕರಣದ ಕಾಲ ವಸಂತ. ಹಾಗಾಗಿ ತಂಡದವರು ಕಾಗದದ ಎಲೆಗಳಿಗೆ ಬಣ್ಣ ಬಳಿದು ಬೀದಿಗೆ ಸುರಿದರು. ಶಾಟ್ ಮುಗಿದ ಮೇಲೆ ಅವನ್ನೇ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ಬೀದಿಗೆ ಒಯ್ದು ಮತ್ತೆ ಸುರಿದರು. ಕಣ್ಣಿಟ್ಟು ನೋಡಿದರೆ ನೆಲದ ಮೇಲೆ ಕಂದು ಎಲೆ, ತಲೆಯ ಮೇಲೆ ಹಸಿರು ಕೊಂಬೆ. ಕೆಲವು ಚೌಕಟ್ಟುಗಳ ಅಂಚಿನಲ್ಲಿ ಕ್ಯಾಲಿಫೋರ್ನಿಯಾದ ತಾಳೆಮರವೂ ಇಣುಕುತ್ತದೆ. ಸುಮಾರು ಮೂರು ಲಕ್ಷ ಡಾಲರಿನಲ್ಲಿ ಸಿನಿಮಾ ಮುಗಿಸಬೇಕಾದವರ ಜಾಣತನ ಇದು, ತಪ್ಪು ಹುಡುಕಲು ನಾನು ಇದನ್ನು ಹೇಳುತ್ತಿಲ್ಲ. ಕ್ಯಾಮೆರಾಕ್ಕೆ ಬೇಕಾದದ್ದು ಸೌತ್ ಪ್ಯಾಸಡೀನಾ ಆಗಿರಲಿಲ್ಲ ಎಂಬುದಷ್ಟೇ ನನ್ನ ಮಾತು. ಹೆಸರಿಲ್ಲದ ಒಂದು ಸಾಲುಮರದ ಬೀದಿ ಸಾಕಿತ್ತು. ರಾತ್ರಿಯ ಮುಖ್ಯ ದೃಶ್ಯಗಳ ಬೀದಿಯಂತೂ ಈ ಊರಿನದೇ ಅಲ್ಲ, ಹಾಲಿವುಡ್ಡಿನ ಪಶ್ಚಿಮಕ್ಕಿರುವ ಇನ್ನೊಂದು ಬಡಾವಣೆಯದು.

ಈ ಸಿನಿಮಾದ ಬಗ್ಗೆಯೂ ಒಂದು ಸಿದ್ಧ ಅಭಿಪ್ರಾಯವಿದೆ: ಮುಗ್ಧ ಬಡಾವಣೆಗೆ ಹೊರಗಿನಿಂದ ಕೇಡು ನುಗ್ಗುತ್ತದೆ, ಅದಕ್ಕೇ ಭಯವಾಗುತ್ತದೆ ಎಂದು. ಎರಡು ದೃಶ್ಯಗಳನ್ನು ನಿಧಾನವಾಗಿ ನೋಡಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ. ಒಂದು, ಹಗಲಿನದು. ಲಾರಿ ಎಂಬ ಹುಡುಗಿ ಗೆಳತಿಯ ಜೊತೆ ಶಾಲೆಯಿಂದ ನಡೆದು ಬರುತ್ತಿದ್ದಾಳೆ. ಮುಂದೆ, ಆಳೆತ್ತರಕ್ಕೆ ಕತ್ತರಿಸಿ ಬೆಳೆಸಿದ ಹಸಿರು ಬೇಲಿಯ ಪಕ್ಕ ಮುಖವಾಡದ ಕೊಲೆಗಾರ ನಿಂತಿದ್ದಾನೆ. ಒಂದು ಕ್ಷಣ ನಿಂತು ಬೇಲಿಯ ಹಿಂದೆ ಸರಿಯುತ್ತಾನೆ. ಗೆಳತಿ ಹೋಗಿ ನೋಡಿದರೆ ಯಾರೂ ಇಲ್ಲ. ಬಿಸಿಲಿದೆ, ನೆರಳಿದೆ, ಹುಲ್ಲು ಹಸಿರಾಗಿದೆ. ಬೀದಿಯಲ್ಲಿ ಮಾತ್ರ ಒಂದು ನರಪಿಳ್ಳೆಯಿಲ್ಲ. ನಾವು ಸೊಬಗು ಎಂದು ಮೆಚ್ಚುವ ಆ ಬೇಲಿಯೇ ಅವನನ್ನು ಮರೆಮಾಡುತ್ತದೆ. ನಾವು ಪ್ರಶಾಂತ ಎಂದು ಹೊಗಳುವ ಆ ನಿರ್ಜನತೆಯೇ ಅವನಿಗೆ ಅನುಕೂಲ. ಎರಡನೆಯದು ರಾತ್ರಿಯದು. ಲಾರಿ ಜೀವಭಯದಿಂದ ಕಿರುಚುತ್ತ ನೆರೆಮನೆಯ ಬಾಗಿಲು ಬಡಿಯುತ್ತಾಳೆ. ದೀಪ ಹತ್ತುತ್ತದೆ, ಒಳಗಿನವರು ಕಿಟಕಿಯಿಂದ ನೋಡುತ್ತಾರೆ, ದೀಪ ಆರುತ್ತದೆ. ಬಾಗಿಲು ತೆರೆಯುವುದಿಲ್ಲ. ಇಡೀ ಸಿನಿಮಾದಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಆ ಆರಿದ ದೀಪ. ಬಡಾವಣೆ ಮುಗ್ಧವಾಗಿತ್ತು ಎಂದು ಕಾರ್ಪೆಂಟರ್ ಎಲ್ಲಿಯೂ ಹೇಳಿಲ್ಲ. ಅಂದವಾದ ಬಡಾವಣೆಯಲ್ಲಿ ಒಬ್ಬರ ನೆರವಿಗೆ ಒಬ್ಬರು ಬರುವುದಿಲ್ಲ ಎಂದು ಅವರು ತೋರಿಸಿದರು. ಈಗ ಅಭಿಮಾನಿಗಳು ಅದೇ ಬೀದಿಗಳಿಗೆ ಹೋಗಿ ಕುಂಬಳಕಾಯಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಸಿನಿಮಾ ಎತ್ತಿದ ದೂರನ್ನು ಮರೆತು ಅದರ ಹಿನ್ನೆಲೆಯನ್ನಷ್ಟೇ ಮನೆಗೆ ತಂದುಕೊಂಡ ಹಾಗಾಯಿತು.

ಇನ್ನು 1985ರ ‘ಬ್ಯಾಕ್ ಟು ದ ಫ್ಯೂಚರ್’. ಕಾಲದಲ್ಲಿ ಹಿಂದೆ ಹೋದ ಹುಡುಗ 1955ರಲ್ಲಿ ತನ್ನ ತಂದೆತಾಯಿಯನ್ನು ಕಾಣುವ ಬೀದಿ ಸೌತ್ ಪ್ಯಾಸಡೀನಾದ ಬುಶ್ನೆಲ್ ಅವೆನ್ಯೂ. ಮರದ ಕೊಂಬೆಯ ಮೇಲೆ ಕವುಚಿಕೊಂಡು ದುರ್ಬೀನು ಹಿಡಿದು ಹುಡುಗಿಯ ಕಿಟಕಿ ನೋಡುತ್ತಿರುವ ತಂದೆ ದೊಪ್ಪೆಂದು ರಸ್ತೆಗೆ ಬೀಳುವುದು ಅಲ್ಲೇ. ಊರಿನ ಚೌಕ, ಗಡಿಯಾರದ ಗೋಪುರ, ಕೆಫೆ ಎಲ್ಲವೂ ಯೂನಿವರ್ಸಲ್ ಸ್ಟುಡಿಯೋದ ಹಿತ್ತಲಿನ ಸೆಟ್. ಆ ಕೆಫೆಯಲ್ಲಿ ಗೋಲ್ಡಿ ವಿಲ್ಸನ್ ಎಂಬ ಕಪ್ಪು ಯುವಕ ನೆಲ ಗುಡಿಸುತ್ತಾನೆ, ಮುಂದೆ ಊರಿನ ಮೇಯರ್ ಆಗುತ್ತಾನೆ. ಹಿತವಾದ ಹಾಸ್ಯ. ಆದರೆ ಕೆಫೆಯಿಂದ ಹೊರಬಿದ್ದು ಬುಶ್ನೆಲ್ ಅವೆನ್ಯೂಗೆ ಬಂದರೆ, ಆ ಮರಗಳ ಕೆಳಗಿನ ಮನೆಗಳಲ್ಲಿ ಅವನಿಗೆ ಜಾಗವಿರಲಿಲ್ಲ. ಸೌತ್ ಪ್ಯಾಸಡೀನಾ ದಶಕಗಳ ಕಾಲ ಹೊತ್ತು ಮುಳುಗುವ ಮುಂಚೆ ಬಿಳಿಯರಲ್ಲದವರು ಜಾಗ ಖಾಲಿಮಾಡಬೇಕಾಗಿದ್ದ ಊರುಗಳಲ್ಲಿ ಒಂದು. ಮನೆ ಕೆಲಸ, ತೋಟದ ಕೆಲಸಕ್ಕೆ ಬರಬಹುದು, ಇಳಿಹೊತ್ತಿಗೆ ಹೊರಡಬೇಕು. ಬಿಳಿಯರಲ್ಲದವರಿಗೆ ಮಾರಕೂಡದು ಎಂಬ ಷರತ್ತು ಮನೆಗಳ ಕ್ರಯಪತ್ರದಲ್ಲೇ ಇರುತ್ತಿತ್ತು. ಅಂಥ ಷರತ್ತನ್ನು ಕೋರ್ಟುಗಳು ಜಾರಿಮಾಡಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ; ರೂಢಿ ಅದಾದ ಮೇಲೂ ನಡೆಯಿತು. 2022ರಲ್ಲಿ ಊರಿನ ನಗರಸಭೆ ಈ ಚರಿತ್ರೆಯನ್ನು ಒಪ್ಪಿಕೊಂಡು ಖಂಡಿಸುವ ನಿರ್ಣಯ ಮಾಡಿತು. ನಗರಸಭೆಯೇ ಒಪ್ಪಿಕೊಂಡಿರುವುದನ್ನು ‘ಹಳೆಯ ಅಮೆರಿಕದ ಮುಗ್ಧತೆ’ ಎನ್ನುವ ಲೇಖಕರು ಇನ್ನೂ ಒಪ್ಪಿಕೊಂಡಿಲ್ಲ.

ಈಗ ಆ ಮರಗಳು ಉಳಿದ ಕಥೆಗೆ ಬರುತ್ತೇನೆ. ಇದು ಯಾವ ಸಿನಿಮಾದಲ್ಲೂ ನನಗೆ ಕಾಣಲಿಲ್ಲ.

ಕ್ಯಾಲಿಫೋರ್ನಿಯಾ ಸರ್ಕಾರ 710 ಎಂಬ ಹೆದ್ದಾರಿಯನ್ನು ದಕ್ಷಿಣದಿಂದ ಉತ್ತರಕ್ಕೆ, ಈ ಊರನ್ನು ಸೀಳಿಕೊಂಡು ಪ್ಯಾಸಡೀನಾದವರೆಗೆ ಒಯ್ಯಲು ಹೊರಟಿತ್ತು. 1960ರ ದಶಕದ ನಡುವೆ ರಸ್ತೆ ಊರಿನ ದಕ್ಷಿಣದ ವ್ಯಾಲಿ ಬುಲೆವಾರ್ಡಿಗೆ ಬಂದು ನಿಂತಿತು. ಉಳಿದದ್ದು ಏಳು ಕಿಲೋಮೀಟರ್ ಆಸುಪಾಸು. ಆ ದಾರಿಯಲ್ಲಿದ್ದ ಮನೆಗಳನ್ನು ಸರ್ಕಾರ ಒಂದೊಂದಾಗಿ ಕೊಂಡುಕೊಂಡಿತು. ಸೌತ್ ಪ್ಯಾಸಡೀನಾ, ಪ್ಯಾಸಡೀನಾ, ಎಲ್ ಸೆರೆನೊ ಮೂರೂ ಕಡೆ ಸೇರಿ ನಾನೂರಕ್ಕೂ ಹೆಚ್ಚು. ಊರಿನವರು ಕೋರ್ಟಿಗೆ ಹೋದರು. 1973ರಲ್ಲಿ, ಪರಿಸರದ ಮೇಲಾಗುವ ಪರಿಣಾಮದ ವರದಿ ಇಲ್ಲದೆ ಮುಂದುವರಿಯಕೂಡದು ಎಂದು ಫೆಡರಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಕಾರ್ಪೆಂಟರ್ ತಂಡ ಕಾಗದದ ಎಲೆ ಸುರಿಯುತ್ತಿದ್ದಾಗ ಆ ಊರಿನ ನಿಜವಾದ ಮರಗಳು ನಿಂತಿದ್ದದ್ದು ಈ ಆಜ್ಞೆಯ ಬಲದ ಮೇಲೆ. 1998ರಲ್ಲಿ ಕೇಂದ್ರ ಸರ್ಕಾರ ರಸ್ತೆಗೆ ಒಪ್ಪಿಗೆ ಕೊಟ್ಟಿತು. ಮರುವರ್ಷವೇ ಊರಿನವರು ಮತ್ತೆ ತಡೆಯಾಜ್ಞೆ ತಂದರು. ಆಮೇಲೆ ನೆಲದಡಿಯಲ್ಲಿ ಸುರಂಗ ತೋಡುವ ಯೋಜನೆ ಬಂತು, ಅದಕ್ಕೂ ವಿರೋಧ ಎದ್ದಿತು. ಸರ್ಕಾರ ಅಧಿಕೃತವಾಗಿ ಕೈಬಿಟ್ಟದ್ದು 2018ರಲ್ಲಿ. ಅಷ್ಟರಲ್ಲಿ ಹೋರಾಟ ಶುರುಮಾಡಿದವರ ಮಕ್ಕಳೂ ಮುದುಕರಾಗಿದ್ದರು. ನಗರಸಭೆಯ ಸಭೆಗಳು, ವಂತಿಗೆ, ವಕೀಲರ ಶುಲ್ಕ, ಸಾವಿರಾರು ಪುಟದ ವರದಿಗಳನ್ನು ಸಾಲುಸಾಲಾಗಿ ಓದಿ ಆಕ್ಷೇಪಣೆ ಬರೆಯುವ ಬೇಸರದ ಕೆಲಸ: ಬುಶ್ನೆಲ್ ಅವೆನ್ಯೂನಂಥ ಬೀದಿಗಳ ನೆರಳು ಉಳಿದದ್ದು ಇವುಗಳಿಂದ. ಪಶ್ಚಿಮ ಅಮೆರಿಕದ ಮೊದಲ ಫ್ರೀವೇ ಎಂದು ಹೆಸರಾದ, 1940ರಲ್ಲಿ ತೆರೆದ ಅರೊಯೊ ಸೆಕೊ ಪಾರ್ಕ್‌ವೇ ಈ ಊರನ್ನು ಹಾದೇ ಹೋಗುತ್ತದೆ. ರಸ್ತೆ ಬಂದರೆ ಊರಿಗೆ ಏನಾಗುತ್ತದೆ ಎಂಬುದು ಅವರಿಗೆ ಬೇರೆಯವರು ಹೇಳಿ ತಿಳಿಯಬೇಕಾಗಿರಲಿಲ್ಲ.

ಸಿನಿಮಾದಿಂದ ಊರಿಗೆ ದುಡ್ಡು ಬಂದಿಲ್ಲವೇ? ಬಂದಿದೆ. ಪರವಾನಗಿ ಶುಲ್ಕ ನಗರಸಭೆಗೆ, ಬಾಡಿಗೆ ಮನೆಯೊಡೆಯರಿಗೆ. ‘ಹ್ಯಾಲೋವೀನ್’ನ ಪಾಳುಮನೆ 1987ರಲ್ಲಿ ನೆಲಸಮವಾಗಬೇಕಿದ್ದಾಗ ಅದನ್ನು ಬುಡಸಮೇತ ಎತ್ತಿ ಬೇರೆ ಜಾಗದಲ್ಲಿ, ರೈಲು ಹಳಿಯ ಪಕ್ಕ ಇಟ್ಟು ಉಳಿಸಿದರು. ಕ್ಯಾಮೆರಾ ಕಾಪಾಡಿತು ಎನ್ನುವವರು ತಪ್ಪದೆ ಕೊಡುವ ಉದಾಹರಣೆ ಇದು. ಅದು ಊರಿನ ಅತಿ ಹಳೆಯ ಮನೆಗಳಲ್ಲೊಂದು, ಎತ್ತಿ ಇಟ್ಟವರು ಊರಿನವರೇ, ಸ್ಟುಡಿಯೋ ಅಲ್ಲ. ಕ್ಯಾಮೆರಾದ ಕೃಪೆಯನ್ನು ಅಳೆಯಬೇಕಾದರೆ ರಿಯಾಲ್ಟೊ ಚಿತ್ರಮಂದಿರವನ್ನು ನೋಡಬೇಕು. 1925ರಲ್ಲಿ ಕಟ್ಟಿದ್ದು. ‘ದ ಪ್ಲೇಯರ್’ನಲ್ಲಿ ಬಂತು, ‘ಲಾ ಲಾ ಲ್ಯಾಂಡ್’ನಲ್ಲಿ ಪ್ರೇಮಿಗಳು ಸಿನಿಮಾ ನೋಡುವ ಮಂದಿರವಾಗಿ ಬಂತು. ಅಲ್ಲಿ ದಿನನಿತ್ಯದ ಪ್ರದರ್ಶನ 2007ರಲ್ಲೇ ನಿಂತಿತ್ತು, ಆಮೇಲೆ ಒಂದು ಚರ್ಚು ಅದನ್ನು ಬಾಡಿಗೆಗೆ ಪಡೆಯಿತು. ಸಿನಿಮಾವೇ ಕಸುಬಾದವರು ಹತ್ತಾರು ಸಲ ಬಂದುಹೋದ ಊರಿನಲ್ಲಿ ಒಂದು ಚಿತ್ರಮಂದಿರಕ್ಕೂ ಅವರಿಂದ ಮರುಜೀವ ಸಿಗಲಿಲ್ಲ.

ಹೋರಾಟಗಾರರನ್ನು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ನನ್ನ ವಾದವೂ ಅರ್ಧಸತ್ಯವಾಗುತ್ತದೆ. ಅದೇ ಹೆದ್ದಾರಿಯ ಹಾದಿಯಲ್ಲಿ, ದಕ್ಷಿಣಕ್ಕೆ, ಎಲ್ ಸೆರೆನೊ ಇದೆ. ಲಾಸ್ ಏಂಜಲೀಸ್ ನಗರಕ್ಕೆ ಸೇರಿದ, ಹೆಚ್ಚಾಗಿ ಮೆಕ್ಸಿಕನ್ ಮೂಲದ ದುಡಿಯುವ ಜನ ಇರುವ ಬಡಾವಣೆ. ಅಲ್ಲಿಯೂ ಸರ್ಕಾರ ಮನೆಗಳನ್ನು ಕೊಂಡು ಬೀಗ ಹಾಕಿತ್ತು. ಅವರಿಗೆ ಸ್ವಂತ ನಗರಸಭೆಯಿಲ್ಲ, ದಶಕಗಟ್ಟಲೆ ವಕೀಲರನ್ನಿಟ್ಟುಕೊಳ್ಳುವ ಶಕ್ತಿಯಿಲ್ಲ. 2020ರ ಮಾರ್ಚ್‌ನಲ್ಲಿ, ಸೋಂಕಿಗೆ ಹೆದರಿ ಎಲ್ಲರೂ ಮನೆಯೊಳಗಿರಿ ಎಂದು ಸರ್ಕಾರ ಹೇಳುತ್ತಿದ್ದಾಗ, ಮನೆಯಿಲ್ಲದ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಆ ಖಾಲಿ ಮನೆಗಳನ್ನು ಹೊಕ್ಕವು. ರಸ್ತೆಗೆಂದು ಕೊಂಡು ರಸ್ತೆಯನ್ನೂ ಮಾಡದೆ, ವಾಸಕ್ಕೂ ಕೊಡದೆ ಕೊಳೆಯಲು ಬಿಟ್ಟ ಮನೆಗಳು ಅವು. ಬುಶ್ನೆಲ್ ಅವೆನ್ಯೂಗೂ ಎಲ್ ಸೆರೆನೊಗೂ ಕೆಲವೇ ನಿಮಿಷದ ದಾರಿ. ಸೊಬಗನ್ನು ಹುಡುಕಿಕೊಂಡು ಹೊರಟ ಪ್ರವಾಸಿ ನಕ್ಷೆ ಮೊದಲನೆಯದನ್ನು ತೋರಿಸಿ ಅಲ್ಲಿಗೇ ಮಡಚಿಕೊಳ್ಳುತ್ತದೆ. ನೆರಳು ಯಾರ ಮನೆಯ ಮೇಲೆ ಉಳಿಯಿತು, ಯಾರ ಮನೆಗೆ ಬೀಗ ಬಿತ್ತು ಎಂದು ಕೇಳದ ಮೆಚ್ಚುಗೆಯನ್ನು ನಾನು ವಿಮರ್ಶೆ ಎಂದು ಒಪ್ಪಲಾರೆ.

ಇಷ್ಟು ದೂರದ ಊರಿನ ಬಗ್ಗೆ ಇಷ್ಟು ಬಿಸಿಯಾಗಿ ಬರೆಯಲು ಕಾರಣವಿದೆ. ಇದೇ ಮಾತು ಮಲ್ಲೇಶ್ವರ, ಬಸವನಗುಡಿಗಳ ಬಗ್ಗೆ ಕನ್ನಡದಲ್ಲಿ ನಡೆಯುತ್ತಿದೆ. ಧಾರಾವಾಹಿಯಲ್ಲಿ, ಸಿನಿಮಾದಲ್ಲಿ ಹಳೆಯ ಕೆಂಪು ಹೆಂಚಿನ ಮನೆ, ಮುಂದೆ ಸಂಪಿಗೆ ಮರ, ಗೇಟಿನ ಬಳಿ ಹಾಲಿನವನು ಕಂಡ ಕೂಡಲೇ ‘ಹಳೆಯ ಬೆಂಗಳೂರಿನ ಸೊಗಸು’ ಎಂದು ಬರೆದುಬಿಡುತ್ತೇವೆ. ಈ ಎರಡೂ ಬಡಾವಣೆಗಳ ಯೋಜನೆ ಹುಟ್ಟಿದ್ದು 1890ರ ದಶಕದಲ್ಲಿ. ಪೇಟೆಯ ಇಕ್ಕಟ್ಟಿನಲ್ಲಿ ಜನ ಹುಳುಗಳಂತೆ ಸತ್ತ 1898ರ ಪ್ಲೇಗಿನ ನಂತರ ಅವು ಬೇಗ ಬೆಳೆದವು. ಅಗಲ ಅಡ್ಡರಸ್ತೆ, ಗಾಳಿ ಬೆಳಕಿಗೆಂದು ಬಿಟ್ಟ ಜಾಗ ಎಲ್ಲವೂ ಸಾವಿನ ಭಯದಲ್ಲಿ, ಸಾರ್ವಜನಿಕ ಹಣದಲ್ಲಿ ಆದ ಕೆಲಸ. ನಿವೇಶನಗಳ ಹಂಚಿಕೆ ಆರಂಭದಲ್ಲಿ ಜಾತಿವಾರು ನಡೆಯಿತು ಎಂಬುದೂ ಅದೇ ನಕ್ಷೆಯ ಭಾಗ. 2011ರಲ್ಲಿ ಸ್ಯಾಂಕಿ ರಸ್ತೆಯನ್ನು ಅಗಲ ಮಾಡಲು ಮರ ಕಡಿದಾಗ ಮಲ್ಲೇಶ್ವರದ ನಿವಾಸಿಗಳೂ ವಿದ್ಯಾರ್ಥಿಗಳೂ ಬೀದಿಗಿಳಿದರು, ಕೋರ್ಟಿಗೂ ಹೋದರು. 2023ರಲ್ಲಿ ಅಲ್ಲೇ ಮೇಲ್ಸೇತುವೆಯ ಮಾತು ಎದ್ದಾಗ ಮತ್ತೆ ಫಲಕ ಹಿಡಿದು ನಿಂತರು. ಸಿನಿಮಾದವರಿಗೆ ಇವತ್ತಿಗೂ ಅಲ್ಲಿ ನೆರಳು ಸಿಗುತ್ತಿದ್ದರೆ ಅದರಲ್ಲಿ ಈ ಜನರ ಪಾಲಿದೆ.

ಇಂಥ ಕಥೆಯನ್ನು ಕನ್ನಡ ಸಿನಿಮಾ ಹೇಳಲಾರದು ಎಂದೇನಿಲ್ಲ. 1990ರ ‘ಉದ್ಭವ’ದಲ್ಲಿ ಕೋಡ್ಲು ರಾಮಕೃಷ್ಣ ರಸ್ತೆ ಅಗಲೀಕರಣವನ್ನೇ ಕಥೆಯ ನಡುವಿಗೆ ತಂದರು. ಗಣೇಶನ ವಿಗ್ರಹದ ಸುತ್ತ ರಾಜಕೀಯ, ಭಕ್ತಿ, ದುಡ್ಡು ಹೇಗೆ ಹೆಣೆದುಕೊಳ್ಳುತ್ತವೆ ಎಂದು ತೋರಿಸಿದರು. ಅನಂತನಾಗ್ ಅವರ ಅಭಿನಯಕ್ಕಾಗಿ ಅದನ್ನು ನೆನೆಯುತ್ತೇವೆ, ಬೀದಿ ಅಲ್ಲಿ ಹಿನ್ನೆಲೆಯಾಗಿ ಉಳಿಯದೆ ಪಾತ್ರವೇ ಆದದ್ದಕ್ಕಾಗಿಯೂ ನೆನೆಯಬೇಕು. ಮಲ್ಲೇಶ್ವರದ ಅಡ್ಡರಸ್ತೆಗೆ ಕ್ಯಾಮೆರಾ ಹೊತ್ತು ಹೋಗುವ ನಿರ್ದೇಶಕರಲ್ಲಿ, ಅವರ ಸಿನಿಮಾದ ಬಗ್ಗೆ ಬರೆಯುವ ನನ್ನ ಓರಗೆಯವರಲ್ಲಿ ನನ್ನದು ಒಂದೇ ಕೋರಿಕೆ: ಆ ಮರಕ್ಕೆ ಕೊಡಲಿ ಬೀಳುವುದನ್ನು ತಡೆದವರು ಇನ್ನೂ ಅದೇ ಬೀದಿಯಲ್ಲಿದ್ದಾರೆ, ಶೂಟಿಂಗ್ ಶುರುವಾಗುವ ಮುಂಚೆ ಅವರನ್ನು ಒಮ್ಮೆ ಮಾತಾಡಿಸಿ.