ಅರೀಥಾ ಹಾಡಿದ ‘ಅಮೇಜಿಂಗ್ ಗ್ರೇಸ್’
1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಬ್ಯಾಪ್ಟಿಸ್ಟ್ ದೇವಾಲಯವೊಂದರಲ್ಲಿ, ಎರಡು ರಾತ್ರಿ, ಅರೀಥಾ ಫ್ರಾಂಕ್ಲಿನ್ ಹಾಡಿದ ಭಕ್ತಿಗೀತೆಗಳ ಸಂಪುಟ ‘ಅಮೇಜಿಂಗ್ ಗ್ರೇಸ್’. ಅದರ ಶೀರ್ಷಿಕೆಗೀತೆಯೊಂದೇ ಹತ್ತು ನಿಮಿಷಕ್ಕೂ ಮಿಗಿಲು. ಒಂದೊಂದು ಅಕ್ಷರವನ್ನೂ ಎಳೆದೆಳೆದು ಹಾಡುವ ಆಕೆಯನ್ನು ಕೇಳುವಾಗ, ಇದು ಪ್ರಾರ್ಥನೆಯೋ ಕಂಠಸಿರಿಯ ಪ್ರದರ್ಶನವೋ ಎಂಬ ಸಂಶಯ ಮೂಡೀತು.

ಆದರೆ ಈ ಗೀತೆಯ ಕರ್ತೃ ಜಾನ್ ನ್ಯೂಟನ್ ಒಂದು ಕಾಲಕ್ಕೆ ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನ ನಾಯಕರಾಗಿದ್ದರೆಂಬುದನ್ನು ಮರೆಯಲಾಗದು. ಅವರು ಕಂಡ ಕೃಪೆಯನ್ನು, ಆ ದಾಸ್ಯವನ್ನುಂಡ ಜನಾಂಗದ ಮಗಳು ಹಾಡುತ್ತಿದ್ದಾಳೆ. ಅಲ್ಲಿ ಅವಸರ ಸಲ್ಲದು. ಕ್ಷಮೆಯ ನುಡಿ ಯಾರ ನಾಲಿಗೆಗೂ ಸುಲಭವಾಗಿ ಬಾರದು. ತಡೆತಡೆದು ಬರುವ ಆ ಸ್ವರದಲ್ಲೇ ಅದರ ಸತ್ಯವಿದೆ. ಜೊತೆಗಿದ್ದ ಜೇಮ್ಸ್ ಕ್ಲೀವ್‌ಲ್ಯಾಂಡ್ ಹಾಡಿನ ನಡುವೆಯೇ ಕಣ್ಣೀರಿಟ್ಟದ್ದನ್ನು 2018ರಲ್ಲಿ ಬೆಳಕು ಕಂಡ ಚಲನಚಿತ್ರ ತೋರಿಸುತ್ತದೆ.

ನಮ್ಮ ಗಾನವೃಂದಗಳೂ ಇದನ್ನೊಮ್ಮೆ ಆಲಿಸಲಿ.