ದುರ್ಗವಿಲ್ಲದ ದುರ್ಗದ ಗುಡಿ

ಐಹೊಳೆಯ ದುರ್ಗದ ಗುಡಿಗೆ ಬಂದವರು ದುರ್ಗಾದೇವಿಯನ್ನು ಹುಡುಕುತ್ತಾರೆ. ಪ್ರದಕ್ಷಿಣೆಯ ಹಾದಿಯಲ್ಲಿ ಮಹಿಷಮರ್ದಿನಿಯ ಶಿಲ್ಪ ಕಂಡರಂತೂ ಅನುಮಾನವೇ ಉಳಿಯುವುದಿಲ್ಲ. ಆದರೆ ಆ ಹೆಸರು ಬಂದದ್ದು ದೇವಿಯಿಂದಲ್ಲ, ಅಲ್ಲಿದ್ದ ಕೋಟೆಯಿಂದ. ಕೋಟೆ ಹೋಯಿತು, ಹೆಸರು ನಿಂತಿತು. ಲಾಡಖಾನ ಗುಡಿಯದೂ ಇದೇ ಪಾಡು: ಹೆಸರು ಅಲ್ಲಿ ವಾಸವಿದ್ದವನದು, ಒಳಗಿರುವುದು ಲಿಂಗ ಮತ್ತು ನಂದಿ. ಹಳೆಯ ಪ್ರೋಗ್ರಾಂಗಳನ್ನು ಬಿಚ್ಚಿಕೊಂಡು ಕೂತಾಗಲೆಲ್ಲ ನನಗೆ ಈ ಎರಡು ಗುಡಿಗಳು ನೆನಪಾಗುತ್ತವೆ: ಅಲ್ಲೂ ಬರೆದದ್ದೊಂದು, ಇರುವುದೊಂದು.

ಒಂದರ ಹೊಟ್ಟೆಯಲ್ಲಿ ಇನ್ನೊಂದು ಎಂಬಂತೆ ನಾಲ್ಕೈದು 'ಇಫ್' ಷರತ್ತುಗಳು ಸೇರಿಕೊಂಡಾಗ, ಯಾವುದು ಎಲ್ಲಿ ಮುಗಿಯಿತು ಎಂದು ಪ್ರತಿಯೊಂದರ ಕೊನೆಗೂ ಕಾಮೆಂಟು, ಅಂದರೆ ಯಂತ್ರ ಲೆಕ್ಕಿಸದ ಟಿಪ್ಪಣಿ, ಬರೆದಿಡುವ ಪದ್ಧತಿ ನಮ್ಮ ಕಸುಬಿನಲ್ಲಿದೆ. ಓದುವವನಿಗೆ ಉಪಕಾರವೆಂದೇ ಹಿರಿಯರು ಕಲಿಸುತ್ತಾರೆ. ಈ ಉಪಕಾರವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಒಮ್ಮೆ ಕೊಬಾಲ್ ಭಾಷೆಯಲ್ಲಿದ್ದ ಬಡ್ಡಿ ಲೆಕ್ಕದ ಪ್ರೋಗ್ರಾಂ ಒಂದು ನನ್ನ ಪಾಲಿಗೆ ಬಂತು. ಕೊಬಾಲ್‌ಗೆ 'ಇಫ್' ಮುಗಿಸುವ 'ಎಂಡ್-ಇಫ್' ಬಂದದ್ದು 1985ರ ಸ್ಟ್ಯಾಂಡರ್ಡ್‌ನಲ್ಲಿ. ಅದಕ್ಕೂ ಮುಂಚೆ ಪೂರ್ಣವಿರಾಮದ ಒಂದು ಚುಕ್ಕಿಯೇ ಯಮ: ಬಿದ್ದಲ್ಲಿ, ತೆರೆದಿದ್ದ ಎಲ್ಲ 'ಇಫ್'ಗಳೂ ಒಟ್ಟಿಗೆ ಮುಚ್ಚಿಕೊಳ್ಳುತ್ತಿದ್ದವು. ನಾನು ನೋಡಿದ ಕಡತದಲ್ಲಿ ಏಳನೇ ಕಾಲಂನ ನಕ್ಷತ್ರ ಚಿಹ್ನೆಯ ಮುಂದೆ 'ಹಿರಿಯ ನಾಗರಿಕರ ಷರತ್ತು ಇಲ್ಲಿಗೆ ಮುಗಿಯಿತು' ಎಂಬರ್ಥದ ಸಾಲಿತ್ತು. ಯಾರೋ ತಿದ್ದುವಾಗ ಅದಕ್ಕೆ ಮೂರು ಸಾಲು ಮೇಲೆಯೇ ಚುಕ್ಕಿ ಇಟ್ಟು ಹೋಗಿದ್ದರು. ಸಾಲುಗಳ ಅಂಚು ಒಳಕ್ಕೆ ಸರಿದಂತೆಯೇ ಇತ್ತು, ಕಾಮೆಂಟೂ ಹಾಗೇ ಇತ್ತು. ಹಿರಿಯರಿಗಷ್ಟೇ ಸಲ್ಲಬೇಕಿದ್ದ ಅರ್ಧ ಪರ್ಸೆಂಟ್ ಎಲ್ಲರಿಗೂ ಸಲ್ಲುತ್ತಿತ್ತು. ಯಂತ್ರ ಚುಕ್ಕಿಯನ್ನು ನಂಬಿತ್ತು, ನಾನು ಕಾಮೆಂಟನ್ನು ನಂಬಿದ್ದೆ. ಎರಡು ದಿನ ಹೋಯಿತು. ಅಲ್ಲಿ ಏನೂ ಬರೆದಿಲ್ಲದಿದ್ದರೆ ನಾನು ಚುಕ್ಕಿಗಳನ್ನೇ ಹುಡುಕುತ್ತಿದ್ದೆ.

ಇಂಥ ಕಾಮೆಂಟಿನ ದೋಷ ಅದರ ಹುಟ್ಟಿನಲ್ಲೇ ಇದೆ. ಕೋಡ್ ಹೇಳುವುದನ್ನೇ ಅದು ಮತ್ತೊಮ್ಮೆ ಹೇಳುತ್ತದೆ. ಕೋಡ್ ಬದಲಾದ ದಿನವೇ ಸುಳ್ಳಾಗುತ್ತದೆ.

ಅದೇ ಐಹೊಳೆಯಲ್ಲಿ ಮೇಗುಟಿಯ ಗುಡ್ಡ ಹತ್ತಿದರೆ ಬೇರೆ ಬಗೆಯ ಬರಹ ಸಿಗುತ್ತದೆ. ಶಕ 556ರ, ಅಂದರೆ ಕ್ರಿ.ಶ. 634ರ, ಕವಿ ರವಿಕೀರ್ತಿಯ ಶಾಸನ ಇದು ಗೋಡೆ, ಇದು ಕಂಬ ಎನ್ನುವುದಿಲ್ಲ. ಅವು ಕಣ್ಣಿಗೇ ಕಾಣುತ್ತವೆ. ಅಲ್ಲಿನ ಜಿನಾಲಯವನ್ನು ಯಾರು, ಯಾವಾಗ, ಯಾವ ದೊರೆಯ ಆಶ್ರಯದಲ್ಲಿ ಕಟ್ಟಿಸಿದರು ಎಂದು ಶಾಸನ ಹೇಳುತ್ತದೆ. ಕಲ್ಲನ್ನು ಎಷ್ಟು ನೋಡಿದರೂ ತಿಳಿಯದ ಸಂಗತಿಗಳಿವು. ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡ ಜಂಬವೂ ಅಲ್ಲಿದೆ. (ನಮ್ಮವರ ಕಾಮೆಂಟುಗಳಲ್ಲೂ ಜಂಬಕ್ಕೆ ಬರವಿಲ್ಲ.) ಆ ಜಂಬದಿಂದಲೇ ಆ ಇಬ್ಬರು ಕವಿಗಳೂ 634ಕ್ಕಿಂತ ಹಿಂದಿನವರೆಂದು ವಿದ್ವಾಂಸರಿಗೆ ಖಚಿತವಾಯಿತು. ಷರತ್ತಿನ ಪಕ್ಕದ ಕಾಮೆಂಟಿಗೂ ನಾನು ಕೇಳುವುದು ಇಷ್ಟೇ: ಅರವತ್ತು ವರ್ಷ ಎಂಬ ಗಡಿ ಯಾವ ಸುತ್ತೋಲೆಯದು, ಯಾವ ತಾರೀಖಿನಿಂದ, ಇದಕ್ಕೆ ಹೊರತಾದವರು ಯಾರು?

ಒಂದರೊಳಗೊಂದರ ಹೆಣಿಗೆ ಅರ್ಥವಾಗಲು ಬರಹವೇ ಬೇಕೆಂದೂ ಇಲ್ಲ. ಲಾಡಖಾನ ಗುಡಿಯ ಮಂಟಪದಲ್ಲಿ ಕಂಬಗಳದೇ ಚೌಕದೊಳಗೊಂದು ಚೌಕವಿದೆ. ಒಳಚೌಕದ ಮಾಡು ಎತ್ತರ, ಹೊರಚೌಕದ್ದು ಇಳಿಜಾರು. ತಲೆ ಎತ್ತಿದರೆ ಸಾಕು, ಎಲ್ಲಿದ್ದೇವೆಂದು ತಿಳಿಯುತ್ತದೆ. ಕೋಡ್‌ನಲ್ಲೂ ಸಲ್ಲದ ಅರ್ಜಿಗಳನ್ನು ಹೊಸ್ತಿಲಲ್ಲೇ ವಾಪಸು ಕಳಿಸಿದರೆ, ಒಳಗಿನ ಷರತ್ತನ್ನು ಬೇರೆ ಹೆಸರಿನ ತುಣುಕಾಗಿ ಎತ್ತಿಟ್ಟರೆ, ಮುಕ್ಕಾಲು ಕಾಮೆಂಟು ಬೇಕಾಗುವುದಿಲ್ಲ. ಆದರೆ ನಿತ್ಯ ಹಣ ಎಣಿಸುವ, ಪರೀಕ್ಷೆಯ ವ್ಯವಸ್ಥೆಯೇ ಇಲ್ಲದ ಪ್ರೋಗ್ರಾಂನಲ್ಲಿ ಕಂಬ ಅಲುಗಿಸಲು ಯಾರಿಗೆ ಧೈರ್ಯ? ಅಲ್ಲಿ ಮುಕ್ತಾಯದ ಕಾಮೆಂಟನ್ನು ಊರುಗೋಲೆಂದು ಸಹಿಸುತ್ತೇನೆ.

ಆ ಬಡ್ಡಿಯ ಕಡತದಲ್ಲಿ ಹಳೆಯ ಸಾಲನ್ನು ಅಳಿಸಿದೆ, ಚುಕ್ಕಿ ತೆಗೆದು 'ಎಂಡ್-ಇಫ್' ಹಾಕಿದೆ, ಮೇಲೆ ಸುತ್ತೋಲೆಯ ಸಂಖ್ಯೆ, ತಾರೀಖು ಬರೆದೆ. ತಿದ್ದಿದವರ ಹೆಸರೂ ಬರೆಯುವ ರೂಢಿಯಿತ್ತು. ಬರೆಯಲಿಲ್ಲ, ಲಾಡಖಾನನ ಗತಿ ಬೇಡವೆನಿಸಿತು.