ಕೈಗೊಪ್ಪುವ ಹಿಡಿ

ಅಮೆರಿಕದ ಸ್ಮಿತ್ ಅಂಡ್ ವೆಸನ್ ಮಾಡೆಲ್ 29 ನೋಡಲು ಚೆಂದ, ಹಾರಿಸಲು ಒರಟು. .44 ಮ್ಯಾಗ್ನಮ್ ಗುಂಡಿನ ಈ ರಿವಾಲ್ವರಿಗೆ ಕೂರಿಸುತ್ತಿದ್ದ ಮರದ ದಪ್ಪ ಹಿಡಿ ದೊಡ್ಡ ಅಂಗೈಯವರಿಗೇ ಸರಿ. ಪುಟ್ಟ ಕೈಯವರ ತೋರುಬೆರಳು ಟ್ರಿಗರಿಗೆ ನೆಟ್ಟಗೆ ಎಟುಕದು. ಎಟುಕಿಸಲು ಕೈ ಹೊರಳಿಸಿದರೆ ಒದೆತವೆಲ್ಲ ಹೆಬ್ಬೆರಳ ಬುಡಕ್ಕೆ.

ಈ ಕಾಟಕ್ಕೆ ಒಳ್ಳೆಯ ಮದ್ದು ಹೋಗ್ ಕಂಪನಿಯ ರಬ್ಬರ್ ಹಿಡಿ. 1968ರಲ್ಲಿ ಕಂಪನಿ ಶುರು ಮಾಡಿದ ಗೈ ಹೋಗ್ ಲಾಸ್ ಏಂಜಲೀಸಿನಲ್ಲಿ ಪೊಲೀಸರಾಗಿದ್ದವರು. ಅವರ ಹಿಡಿ ಎರಡು ಹೋಳಲ್ಲ, ಒಂದೇ ತುಂಡು. ಅದನ್ನು ಕೂರಿಸಲು ಮೊದಲು ಸಿಲಿಂಡರ್ ಹೊರಕ್ಕೆ ತೆರೆದು, ಗುಂಡೆಲ್ಲ ತೆಗೆದು ಮತ್ತೊಮ್ಮೆ ನೋಡಿ. ಹಳೆಯದರ ಸ್ಕ್ರೂ ಬಿಚ್ಚಿ ಮರದ ಹೋಳುಗಳನ್ನು ಮೆಲ್ಲಗೆ ಸರಿಸಿ. ಮೀಟಿದರೆ ಮರ ಸೀಳುತ್ತದೆ. ಚೌಕಟ್ಟಿನ ಬುಡದ ಪಿನ್ನಿಗೆ ಪುಟ್ಟ ಕೊಕ್ಕೆ ಸಿಕ್ಕಿಸಿ, ಹೊಸ ಹಿಡಿಯನ್ನು ಕೆಳಗಿನಿಂದ ಕಾಲುಚೀಲದಂತೆ ಏರಿಸಿ, ತಳದಲ್ಲಿ ಒಂದೇ ಸ್ಕ್ರೂ ಬಿಗಿದರೆ ಮುಗಿಯಿತು. ಎಷ್ಟು ಅಚ್ಚುಕಟ್ಟು!

ಚೌಕಟ್ಟಿನ ಬೆನ್ನು ಮುಚ್ಚುವ ರಬ್ಬರ್ ಮೆತ್ತಗೆ, ಆದರೆ ಬೆರಳಿಗೆ ದೂರ ಹೆಚ್ಚು. ಪುಟ್ಟ ಕೈಗೆ ಬೆನ್ನು ತೆರೆದದ್ದೇ ವಾಸಿ. ರಬ್ಬರು ಮರದಷ್ಟು ಚೆಂದವಿಲ್ಲ, ಒಪ್ಪುತ್ತೇನೆ. ಹಳೆಯ ಮರದ ಹಿಡಿಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿಡಿ. ಮುಂದೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.